ಮೂರು ತಿಂಗಳ ಮಗುವಿನ ಜೊತೆ ಏನು ಮಾತಾಡೋದು?

ಲಗ್ಗೆರೆಯ ಒಂದು ಅಂಗನವಾಡಿಯಲ್ಲಿ ಅವತ್ತು ಮಕ್ಕಳ ತೂಕ ನೋಡುವ ದಿನ. ಪರಿಚಯದವರೊಬ್ಬರ ಜೊತೆ ನಾನೂ ಹೋಗಿದ್ದೆ. ಬಾಗಿಲ ಪಕ್ಕ ಚಿಕ್ಕ ವಯಸ್ಸಿನ ತಾಯಿಯೊಬ್ಬಳು ಕೂತಿದ್ದಳು. ಮೊದಲ ಮಗು. ಪೀಣ್ಯದ ಕಡೆ ಗಾರ್ಮೆಂಟ್ಸ್‌ನಲ್ಲಿ ಕೆಲಸ, ಈಗ ಹೆರಿಗೆ ರಜೆ. ಟೀಚರ್ ತೂಕ ಬರೆದುಕೊಂಡು, "ತೂಕ ಪರವಾಗಿಲ್ಲ ಕಣಮ್ಮ. ಮಗು ಜೊತೆ ಮಾತಾಡ್ತೀಯಾ?" ಅಂತ ಕೇಳಿದರು. ಅವಳಿಗೆ ನಗು ಬಂತು. "ಮೂರು ತಿಂಗಳ ಮಗು ಜೊತೆ ಏನು ಮಾತಾಡೋದು ಟೀಚರ್? ಅದಕ್ಕೇನು ಗೊತ್ತಾಗುತ್ತೆ?"

ಟೀಚರ್‌ಗೆ ವಿವರಿಸುವಷ್ಟು ಪುರುಸೊತ್ತು ಇರಲಿಲ್ಲ. ಸಾಲಿನಲ್ಲಿ ಇನ್ನೂ ಹತ್ತು ಹನ್ನೆರಡು ಜನ ಕಾಯುತ್ತಿದ್ದರು. ಆದರೆ ಪ್ರಶ್ನೆ ಒಳ್ಳೆಯದು. ನಮ್ಮಂಥ ದೇಶಗಳಲ್ಲಿ ಮಕ್ಕಳ ಮಿದುಳು ಹೇಗೆ ಬೆಳೆಯುತ್ತದೆ, ಎಲ್ಲಿ ತಡೆಯುತ್ತದೆ ಅನ್ನುವುದೆಲ್ಲ ಆ ಪ್ರಶ್ನೆಯಲ್ಲೇ ಇದೆ. ಅದಕ್ಕೆ ನಿಧಾನವಾಗಿ ಉತ್ತರ ಹೇಳೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ಹುಟ್ಟಿದ ಮಗುವಿನ ಮಿದುಳು ದೊಡ್ಡವರ ಮಿದುಳಿನ ಕಾಲು ಭಾಗದಷ್ಟು ಇರುತ್ತದೆ. ಎರಡು ವರ್ಷ ತುಂಬುವಾಗ ಹತ್ತಿರ ಹತ್ತಿರ ಮುಕ್ಕಾಲು ಭಾಗ. ಐದಾರು ವರ್ಷಕ್ಕೆ ನೂರಕ್ಕೆ ಸುಮಾರು 90 ಭಾಗ ಬೆಳೆದು ಮುಗಿದಿರುತ್ತದೆ. ದೇಹದ ಬೇರೆ ಯಾವ ಅಂಗಕ್ಕೂ ಇಷ್ಟು ಅವಸರವಿಲ್ಲ. ಮಿದುಳಿನ ನರಕೋಶಗಳಲ್ಲಿ ಬಹುಪಾಲು ಹುಟ್ಟುವ ಹೊತ್ತಿಗೇ ಇರುತ್ತವೆ. ಇರದಿರುವುದು ಅವುಗಳ ನಡುವಿನ ಕೊಂಡಿಗಳು. ಮೊದಲ ಕೆಲವು ವರ್ಷಗಳಲ್ಲಿ ಒಂದು ಸೆಕೆಂಡಿಗೆ 10 ಲಕ್ಷಕ್ಕೂ ಜಾಸ್ತಿ ಹೊಸ ಕೊಂಡಿಗಳು ಬೆಸೆದುಕೊಳ್ಳುತ್ತವೆ ಅಂತ ಹಾರ್ವರ್ಡ್ ವಿಶ್ವವಿದ್ಯಾಲಯದ ಮಕ್ಕಳ ಬೆಳವಣಿಗೆಯ ಕೇಂದ್ರ ಅಂದಾಜು ಮಾಡಿದೆ. ಈ ಸಾಲನ್ನು ನೀವು ಓದಿ ಮುಗಿಸುವಷ್ಟರಲ್ಲಿ ಒಂದು ಕೂಸಿನ ತಲೆಯೊಳಗೆ ಅಷ್ಟು ಕೆಲಸ ನಡೆದುಹೋಗಿರುತ್ತದೆ.

ಆದರೆ ಎಲ್ಲ ಕೊಂಡಿಗಳೂ ಉಳಿಯುವುದಿಲ್ಲ. ನಿಮ್ಮ ಬಡಾವಣೆಯಲ್ಲಿ ಒಂದು ಖಾಲಿ ಸೈಟ್ ಇದೆ ಅಂದುಕೊಳ್ಳಿ. ಬಸ್ ಸ್ಟಾಪಿಗೆ ಹೋಗುವವರು ಅದರ ಮಧ್ಯೆಯೇ ಹಾದು ಹೋಗುತ್ತಾರೆ. ಆರು ತಿಂಗಳಲ್ಲಿ ಅಲ್ಲೊಂದು ಕಾಲುದಾರಿ ಆಗಿರುತ್ತದೆ, ಮಣ್ಣು ಗಟ್ಟಿಯಾಗಿರುತ್ತದೆ. ಯಾರೂ ತುಳಿಯದ ಕಡೆ ಕಾಂಗ್ರೆಸ್ ಗಿಡ ಎದೆಮಟ್ಟ ಬೆಳೆದಿರುತ್ತದೆ. ಮಿದುಳಿನ ಲೆಕ್ಕವೂ ಹೀಗೇ. ಮತ್ತೆ ಮತ್ತೆ ಬಳಕೆಯಾಗುವ ಕೊಂಡಿ ಗಟ್ಟಿಯಾಗುತ್ತದೆ, ಬಳಸದೇ ಇರುವುದನ್ನು ಮಿದುಳೇ ಕತ್ತರಿಸಿ ಹಾಕುತ್ತದೆ. ಕತ್ತರಿಸುವುದು ಕೆಟ್ಟದ್ದಲ್ಲ, ಅದೂ ಬೆಳವಣಿಗೆಯೇ. ಯಾವ ದಾರಿಯಲ್ಲಿ ಓಡಾಟ ಆಯಿತು ಅನ್ನುವುದೇ ಮುಖ್ಯ.

ಈ ಓಡಾಟ ಮಾಡಿಸುವವರು ಯಾರು? ಮೂರು ತಿಂಗಳ ಮಗು ತಾನಾಗಿ ಎಲ್ಲಿಗೂ ಹೋಗದು. ಅದು ನೋಡುತ್ತದೆ, ನಗುತ್ತದೆ, ಅಳುತ್ತದೆ, "ಊಂ" ಅನ್ನುತ್ತದೆ. ಎದುರಿಗಿದ್ದವರು ತಿರುಗಿ ನೋಡಿದರೆ, "ಏನಪ್ಪಾ ಕಂದಾ, ಹಸಿವಾಯ್ತಾ?" ಅಂದರೆ, ಮಗು ಇನ್ನೊಂದು ಸದ್ದು ಮಾಡುತ್ತದೆ. ಆಮೇಲೆ ಇವರು ಇನ್ನೊಂದು ಮಾತು. ಇದು ಒಂದು ರೀತಿಯ ಕೊಡು-ಕೊಳ್ಳು. ಮಾತಿನ ಅರ್ಥ ಮಗುವಿಗೆ ತಿಳಿಯಬೇಕಾಗಿಲ್ಲ. ನಾನು ಕರೆದರೆ ಯಾರೋ ಓಗೊಡುತ್ತಾರೆ ಅನ್ನುವುದು ತಿಳಿದರೆ ಸಾಕು. ಭಾಷೆ, ಗಮನ, ಭಯವನ್ನು ತಡೆದುಕೊಳ್ಳುವ ಶಕ್ತಿ ಎಲ್ಲಕ್ಕೂ ಇದೇ ಪಾಯ.

1970ರ ದಶಕದಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ ಒಂದು ಸರಳ ಪ್ರಯೋಗ ಮಾಡಿದರು. ಮಗುವಿನ ಜೊತೆ ಚೆನ್ನಾಗಿ ಆಡುತ್ತಿದ್ದ ತಾಯಿಗೆ, ಒಂದೆರಡು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಸುಮ್ಮನೆ ಮಗುವನ್ನು ನೋಡುತ್ತಾ ಕೂರಲು ಹೇಳಿದರು. ಮಗು ಮೊದಲು ನಗುತ್ತದೆ. ಕೈ ಚಾಚುತ್ತದೆ. ಸದ್ದು ಮಾಡಿ ಕರೆಯುತ್ತದೆ. ಏನು ಮಾಡಿದರೂ ಅಮ್ಮನ ಮುಖ ಕದಲದಿದ್ದಾಗ ಕಂಗಾಲಾಗಿ ಮುಖ ತಿರುಗಿಸಿಕೊಳ್ಳುತ್ತದೆ. ಅಮ್ಮ ಅಲ್ಲೇ ಇದ್ದಾಳೆ, ಹಾಲೂ ಇದೆ, ಬೆಚ್ಚಗೂ ಇದೆ. ಆದರೂ ಮಗುವಿಗೆ ಅದು ತಡೆಯಲಾಗದ ಸಂಕಟ. ಈ ಪ್ರಯೋಗವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ಅಜ್ಜಿಯರಿಗೆ ನರಕೋಶದ ಹೆಸರು ಗೊತ್ತಿರಲಿಲ್ಲ. ಆದರೆ ಬಾಣಂತನದ ಎಷ್ಟೋ ಪದ್ಧತಿಗಳಲ್ಲಿ ಈ ಕೊಡು-ಕೊಳ್ಳು ಇದೆ. ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಹಾಕಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಹಾಕುವಾಗ ಅಜ್ಜಿಯ ಬಾಯಿ ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ಮುಟ್ಟುವುದು, ಮಾತು, ಹಾಡು, ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಎಲ್ಲವೂ ಒಟ್ಟಿಗೆ ನಡೆಯುತ್ತವೆ. ಹಾಗಂತ ಹಳೆಯದೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಮೊದಲ ಹಾಲು ಹಿಂಡಿ ಚೆಲ್ಲುವುದು, ಬಾಣಂತಿಗೆ ನೀರು ಕೊಡದೇ ಇರುವುದು, ಇವು ಹೋಗಲೇಬೇಕಾದ ಪದ್ಧತಿಗಳು. ಆದರೆ ಆ ಸ್ನಾನದ ಅರ್ಧ ಗಂಟೆ ಬಹಳ ಬೆಲೆಯುಳ್ಳದ್ದು.

ಹಾಗಾದರೆ ಊಟ? ಊಟ ಇಲ್ಲದೆ ಇದ್ಯಾವುದೂ ನಡೆಯದು. ಮಗುವಿನ ದೇಹ ಬಳಸುವ ಶಕ್ತಿಯಲ್ಲಿ ದೊಡ್ಡ ಪಾಲನ್ನು ಮಿದುಳೇ ತೆಗೆದುಕೊಳ್ಳುತ್ತದೆ. ನರದ ಎಳೆಗಳ ಸುತ್ತ ಕೊಬ್ಬಿನ ಒಂದು ಹೊದಿಕೆ ಬೆಳೆಯಬೇಕು, ಕರೆಂಟ್ ವೈರಿನ ಮೇಲೆ ಪ್ಲಾಸ್ಟಿಕ್ ಇದ್ದ ಹಾಗೆ. ಆಗ ಮಾತ್ರ ಸಂದೇಶ ಬೇಗ ಓಡುತ್ತದೆ. ಈ ಹೊದಿಕೆಗೆ ಕಬ್ಬಿಣಾಂಶ ಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಕ್ಕಳಿಗೆ ರಕ್ತಹೀನತೆ ಇದೆ. ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಎತ್ತರ ಕಡಿಮೆ ಆದರೆ ಏನಾಯಿತು, ಅಪ್ಪನೂ ಕುಳ್ಳಗೇ ಇದ್ದಾನಲ್ಲ ಅನ್ನುತ್ತೇವೆ. ಆದರೆ ಇಷ್ಟೊಂದು ಮಕ್ಕಳ ಎತ್ತರ ಒಟ್ಟಿಗೆ ಹಿಂದೆ ಬಿದ್ದಿದ್ದರೆ ಅದು ವಂಶದ ಮಾತಲ್ಲ. ವರ್ಷಗಟ್ಟಲೆ ಸರಿಯಾಗಿ ತಿಂದಿಲ್ಲ, ಮತ್ತೆ ಮತ್ತೆ ಭೇದಿಯಾಗಿದೆ, ಮಗು ಗರ್ಭದಲ್ಲಿದ್ದಾಗ ತಾಯಿಯೇ ಸೊರಗಿದ್ದಳು ಅನ್ನುವುದರ ಗುರುತು ಅದು. ಎತ್ತರ ಕಣ್ಣಿಗೆ ಕಾಣುತ್ತದೆ, ಮಿದುಳು ಕಾಣುವುದಿಲ್ಲ. ಕಾರಣ ಮಾತ್ರ ಎರಡಕ್ಕೂ ಒಂದೇ.

ಬಾಂಗ್ಲಾದೇಶದ ಢಾಕಾದ ಬಡ ಬಡಾವಣೆಗಳಲ್ಲಿ ಸಂಶೋಧಕರು ಕೂಸುಗಳ ಮಿದುಳನ್ನೇ ಎಂಆರ್‌ಐ ಯಂತ್ರದಲ್ಲಿ, ಮಿದುಳಿನ ವಿದ್ಯುತ್ ಅಲೆ ಅಳೆಯುವ ಇಇಜಿ ಯಂತ್ರದಲ್ಲಿ ನೋಡಿದ್ದಾರೆ. ಇಂಥ ಅಧ್ಯಯನಗಳು ಮೊದಲೆಲ್ಲ ಶ್ರೀಮಂತ ದೇಶಗಳ ಮಕ್ಕಳ ಮೇಲೆಯೇ ನಡೆಯುತ್ತಿದ್ದವು. ನಮ್ಮಲ್ಲೂ ಈಗ ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ, ದೇಶದ ಬೇರೆ ಬೇರೆ ಊರುಗಳ ಸಾವಿರಾರು ಮಕ್ಕಳು ಮತ್ತು ಯುವಕರ ಮಿದುಳು, ಮನಸ್ಸು, ಅವರು ಬೆಳೆದ ಪರಿಸರ ಮೂರನ್ನೂ ಒಟ್ಟಿಗೆ ನೋಡುವ ಸಿವೇದ ಅನ್ನುವ ದೊಡ್ಡ ಅಧ್ಯಯನ ನಡೆದಿದೆ. ಬೇರೆಯವರ ಮಕ್ಕಳ ಅಳತೆಗೋಲಿನಲ್ಲಿ ನಮ್ಮ ಮಕ್ಕಳನ್ನು ಅಳೆಯುವುದು ಎಷ್ಟು ದಿನ, ಅಲ್ವಾ?

2016ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆ ಒಂದು ಲೆಕ್ಕ ಕೊಟ್ಟಿತು. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಐದು ವರ್ಷದೊಳಗಿನ ಸುಮಾರು 25 ಕೋಟಿ ಮಕ್ಕಳು, ಅಂದರೆ ನೂರಕ್ಕೆ 43 ಮಕ್ಕಳು, ತಾವು ಬೆಳೆಯಬಹುದಾದಷ್ಟು ಬೆಳೆಯದೇ ಹೋಗುವ ಅಪಾಯದಲ್ಲಿದ್ದಾರೆ. ಈ ಲೆಕ್ಕಕ್ಕೆ ಅವರು ತೆಗೆದುಕೊಂಡ ಗುರುತುಗಳು ಎರಡೇ: ಎತ್ತರ ಬೆಳೆಯದಿರುವುದು ಮತ್ತು ಕಡು ಬಡತನ. ಮನೆಯೊಳಗಿನ ಜಗಳ, ತಾಯಿಯ ಖಿನ್ನತೆ, ಕಲಿಯಲು ಅವಕಾಶವೇ ಇಲ್ಲದಿರುವುದು ಇದರಲ್ಲಿ ಸೇರಿಲ್ಲ.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ಬಡತನ ಅಂದಕೂಡಲೇ ನಮಗೆ ಖಾಲಿ ತಟ್ಟೆ ನೆನಪಾಗುತ್ತದೆ. ಅದು ನಿಜ. ಆದರೆ ಬಡತನ ಮಗುವಿನಿಂದ ಕಿತ್ತುಕೊಳ್ಳುವುದು ಊಟವನ್ನು ಮಾತ್ರ ಅಲ್ಲ, ತನ್ನನ್ನು ನೋಡಿಕೊಳ್ಳುವವರ ಹೊತ್ತನ್ನು, ಮತ್ತು ಅವರ ಮನಸ್ಸನ್ನು ಕೂಡ. ಬೆಳಿಗ್ಗೆ ಐದಕ್ಕೆ ಎದ್ದು, ನೀರು ಹಿಡಿದು, ಅಡುಗೆ ಮಾಡಿ, ಎಂಟರೊಳಗೆ ಫ್ಯಾಕ್ಟರಿ ಗೇಟು ದಾಟಿ, ಇಡೀ ದಿನ ಟಾರ್ಗೆಟ್ ಹಿಂದೆ ಓಡಿ, ಸಂಜೆ ಮನೆಗೆ ಬಂದ ಹೆಣ್ಣುಮಗಳಿಗೆ ಮಗುವಿನ "ಊಂ"ಗೆ ಓಗೊಡುವಷ್ಟು ಉಸಿರು ಎಲ್ಲಿ ಉಳಿದಿರುತ್ತದೆ? ಯಾದಗಿರಿ, ರಾಯಚೂರಿನಿಂದ ಬಂದು ಕಟ್ಟಡದ ಕೆಲಸ ಮಾಡುವ ತಾಯಿ, ಎರಡು ಕಂಬಗಳ ನಡುವೆ ಹಳೆ ಸೀರೆಯ ಜೋಲಿ ಕಟ್ಟಿ, ಮಗುವನ್ನು ಅದರಲ್ಲಿ ಹಾಕಿ, ಐದಾರು ವರ್ಷದ ಅಕ್ಕನನ್ನು ಕಾವಲಿಗೆ ಕೂರಿಸುತ್ತಾಳೆ. ಅವಳಿಗೆ ಮಗುವಿನ ಮೇಲೆ ಪ್ರೀತಿ ಕಡಿಮೆ ಅಂತ ಯಾರಾದರೂ ಹೇಳಲು ಸಾಧ್ಯವೇ? ಇಲ್ಲದಿರುವುದು ಪುರುಸೊತ್ತು.

ಇನ್ನು ಒತ್ತಡದ ವಿಷಯ. ಸಣ್ಣ ಪುಟ್ಟ ಒತ್ತಡದಿಂದ ಮಗುವಿಗೆ ತೊಂದರೆಯಿಲ್ಲ. ಚುಚ್ಚುಮದ್ದು ಹಾಕಿದಾಗ ಮಗು ಕಿರುಚಿ ಅಳುತ್ತದೆ. ಕಾರ್ಟಿಸೋಲ್ ಅನ್ನುವ ಹಾರ್ಮೋನು ಏರುತ್ತದೆ. ಅಮ್ಮ ಎತ್ತಿ ಅಪ್ಪಿಕೊಂಡರೆ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಏರಿದ್ದು ಇಳಿಯುತ್ತದೆ ಅಂತ ದೇಹ ಕಲಿಯುವುದೇ ಹೀಗೆ. ಆದರೆ ದಿನಾ ರಾತ್ರಿ ಕುಡಿದು ಬಂದು ಹೊಡೆಯುವವರು ಮನೆಯಲ್ಲಿದ್ದರೆ, ಅಪ್ಪಿಕೊಳ್ಳುವವರೇ ಹೊಡೆತ ತಿನ್ನುತ್ತಿದ್ದರೆ, ಏರಿದ್ದು ಇಳಿಯುವುದೇ ಇಲ್ಲ. ತಿಂಗಳುಗಟ್ಟಲೆ ಹೀಗಾದರೆ ನೆನಪು, ಕಲಿಕೆ, ಕೋಪ ತಡೆದುಕೊಳ್ಳುವುದು, ಇವನ್ನೆಲ್ಲ ನೋಡಿಕೊಳ್ಳುವ ಮಿದುಳಿನ ಭಾಗಗಳ ಮೇಲೆ ಏಟು ಬೀಳುತ್ತದೆ. ಭಯದ ಗಂಟೆ ಬಾರಿಸುವ ಭಾಗ ಮಾತ್ರ ಅತಿ ಚುರುಕಾಗುತ್ತದೆ. ಮುಂದೆ ತರಗತಿಯಲ್ಲಿ ಒಂದು ಕಡೆ ಕೂರಲಾಗದ, ಸಣ್ಣ ಮಾತಿಗೂ ಸಿಡಿಯುವ, ಅಥವಾ ಮೂಲೆ ಹಿಡಿದು ಮಾತೇ ಆಡದ ಹುಡುಗನನ್ನು ನಾವು ಹಟಮಾರಿ, ಪೆದ್ದ ಅನ್ನುತ್ತೇವೆ. ಅವನ ಮಿದುಳು ತಾನು ಬೆಳೆದ ಮನೆಗೆ ಸರಿಯಾಗಿಯೇ ಹೊಂದಿಕೊಂಡಿದೆ. ಸಿಕ್ಕ ಮನೆ ಅಂಥದ್ದು. ಜೀವನದಲ್ಲಿ ಬರುವ ಮಾನಸಿಕ ಕಾಯಿಲೆಗಳಲ್ಲಿ ಅರ್ಧದಷ್ಟು 14 ವರ್ಷದೊಳಗೇ ಶುರುವಾಗುತ್ತವೆ ಅಂತ ಅಮೆರಿಕದ ದೊಡ್ಡ ಸಮೀಕ್ಷೆಯೊಂದು ತೋರಿಸಿದೆ. ಅವುಗಳ ಬೇರು ಎಷ್ಟೋ ಸಲ ಇನ್ನೂ ಹಿಂದೆ ಇರುತ್ತದೆ.

ಈಗ ಟ್ರಾನಿಕ್ ಅವರ ಪ್ರಯೋಗಕ್ಕೆ ವಾಪಸ್ ಬರೋಣ. ಅಲ್ಲಿ ತಾಯಿ ಎರಡು ನಿಮಿಷ ನಟಿಸಿದಳು. ನಿಜವಾಗಿಯೇ ಮನಸ್ಸು ಕುಸಿದ ತಾಯಿಯ ಮುಖ ವಾರಗಟ್ಟಲೆ ಹಾಗೇ ಇರಬಹುದು. ಕಡಿಮೆ ಆದಾಯದ ದೇಶಗಳಲ್ಲಿ ಹೆರಿಗೆಯ ನಂತರ ಐವರಲ್ಲಿ ಸುಮಾರು ಒಬ್ಬ ತಾಯಿಗೆ ಖಿನ್ನತೆ ಅಥವಾ ಆತಂಕದಂಥ ತೊಂದರೆ ಇರುತ್ತದೆ. ಅವಳು ಅದನ್ನು ಖಿನ್ನತೆ ಅಂತ ಹೇಳುವುದಿಲ್ಲ. ಮೈಕೈ ನೋವು ಅನ್ನುತ್ತಾಳೆ. ತಲೆ ಭಾರ, ನಿದ್ದೆ ಬರಲ್ಲ, ಯಾವುದಕ್ಕೂ ಮನಸ್ಸಿಲ್ಲ, ಮಗು ಅತ್ತರೂ ಏನೂ ಅನ್ಸಲ್ಲ ಅನ್ನುತ್ತಾಳೆ. ಮನೆಯವರು ದೃಷ್ಟಿಯಾಗಿದೆ ಅನ್ನುತ್ತಾರೆ, ಇಲ್ಲವೇ ಸೋಮಾರಿ ಅನ್ನುತ್ತಾರೆ. ಬಾಣಂತಿ ಸನ್ನಿ ಅಂತ ನಮ್ಮಲ್ಲಿ ಕರೆಯುವುದು ಬೇರೆ. ಅದು ಅಪರೂಪ, ಜೋರಾಗಿ ಕಾಣಿಸುತ್ತದೆ, ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಕಾಯಿಲೆ. ಈ ಖಿನ್ನತೆ ಸದ್ದಿಲ್ಲದೆ ಬರುತ್ತದೆ, ಅದಕ್ಕೇ ಯಾರಿಗೂ ಕಾಣುವುದಿಲ್ಲ.

ಇದು ಮಗುವಿನ ದೇಹಕ್ಕೂ ತಟ್ಟುತ್ತದೆ. ಮನೋವೈದ್ಯ ಡಾ. ವಿಕ್ರಮ್ ಪಟೇಲ್ ಮತ್ತು ಜೊತೆಗಾರರು ಗೋವಾದಲ್ಲಿ ಮಾಡಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಹೆರಿಗೆಯಾದ ಆರರಿಂದ ಎಂಟು ವಾರಕ್ಕೆ ಖಿನ್ನತೆ ಇದ್ದ ತಾಯಂದಿರ ಮಕ್ಕಳು, ಆರು ತಿಂಗಳ ಹೊತ್ತಿಗೆ ತೂಕ ಮತ್ತು ಎತ್ತರದಲ್ಲಿ ಹಿಂದೆ ಬಿದ್ದಿರುವುದು ಜಾಸ್ತಿ ಕಂಡುಬಂತು. ಮಾನಸಿಕ ಬೆಳವಣಿಗೆಯಲ್ಲೂ ಹಾಗೆಯೇ. ಅಂದರೆ ಮಗುವಿನ ತೂಕ ಇಳಿದಾಗ ಬರೀ ಪೌಷ್ಟಿಕ ಪುಡಿಯ ಪ್ಯಾಕೆಟ್ ಕೊಟ್ಟು ಕಳಿಸಿದರೆ ಸಾಲದು. "ನೀನು ಹೇಗಿದ್ದೀಯಮ್ಮ? ನಿದ್ದೆ ಮಾಡ್ತೀಯಾ?" ಅಂತ ತಾಯಿಯನ್ನೂ ಕೇಳಬೇಕು.

ಕೇಳಿದರೆ ಏನಾಗುತ್ತದೆ? ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಸಂಶೋಧಕ ಆತಿಫ್ ರೆಹಮಾನ್ ಅವರ ತಂಡ ಇದನ್ನು ಮಾಡಿ ನೋಡಿತು. ಮನೋವೈದ್ಯರು ಅಲ್ಲಿ ಇರಲಿಲ್ಲ. ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ಅಲ್ಲಿ ಊರಿನ ಆರೋಗ್ಯ ಕಾರ್ಯಕರ್ತೆಯರಿದ್ದಾರೆ. ಅವರಿಗೇ ತರಬೇತಿ ಕೊಟ್ಟರು. ಖಿನ್ನತೆಯಿದ್ದ ಗರ್ಭಿಣಿಯರ ಮನೆಗೆ ಅವರು ಮತ್ತೆ ಮತ್ತೆ ಹೋಗಿ ಮಾತಾಡಿದರು. "ಇದೆಲ್ಲ ನನ್ನ ಹಣೆಬರಹ" ಅನ್ನುವ ಯೋಚನೆಯನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸಲು ಜೊತೆಯಾದರು. ಮಗು ಆರು ತಿಂಗಳಾಗುವ ಹೊತ್ತಿಗೆ ಇವರಲ್ಲಿ ನೂರಕ್ಕೆ 23 ತಾಯಂದಿರಲ್ಲಿ ಮಾತ್ರ ಖಿನ್ನತೆ ಉಳಿದಿತ್ತು. ಇಂಥ ಮಾತುಕತೆ ಸಿಗದ ಗುಂಪಿನಲ್ಲಿ ಅದು 53. ಮಕ್ಕಳ ತೂಕ, ಎತ್ತರದಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಹೇಳಬೇಕು. ಆದರೆ ಭೇದಿ ಕಡಿಮೆಯಾಯಿತು, ಮತ್ತು ಅಪ್ಪ ಅಮ್ಮ ಇಬ್ಬರೂ ಮಗುವಿನ ಜೊತೆ ಆಡುವುದು ಜಾಸ್ತಿಯಾಯಿತು. ಈ ಕೊನೆಯದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಬೆಂಗಳೂರಿನವರಿಗೆ ಒಂದು ಅನುಕೂಲವಿದೆ. ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಬೇರೆ ಮಾಡದೆ, ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ವಾರ್ಡ್ ಇದೆ. ದೇಶದಲ್ಲಿ ಇಂಥದ್ದು ಮೊದಲು ಶುರುವಾದದ್ದು ಅಲ್ಲೇ. ಆಸ್ಪತ್ರೆಗೆ ಹೋಗುವಷ್ಟು ಆಗಿಲ್ಲ, ಆದರೆ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮಗುವಿನ ಕಡೆಯಿಂದ ನೋಡಿದರೆ, ನನಗೆ ಅತಿ ಹೆಚ್ಚು ಭರವಸೆ ಕೊಡುವುದು ಜಮೈಕಾದ ಕತೆ. 1986-87ರಲ್ಲಿ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ, ಎತ್ತರ ಬೆಳೆಯದ 129 ಮಕ್ಕಳನ್ನು ಸ್ಯಾಲಿ ಗ್ರಾಂಥಮ್-ಮೆಗ್ರೆಗರ್ ಅವರ ತಂಡ ಆರಿಸಿಕೊಂಡಿತು. ವಯಸ್ಸು 9 ತಿಂಗಳಿಂದ 2 ವರ್ಷ. ಕೆಲವರಿಗೆ ಪೌಷ್ಟಿಕ ಆಹಾರ, ಕೆಲವರಿಗೆ ಆಟ, ಕೆಲವರಿಗೆ ಎರಡೂ, ಉಳಿದವರಿಗೆ ಎರಡೂ ಇಲ್ಲ. ಆಟ ಅಂದರೆ ಇಷ್ಟೇ: ವಾರಕ್ಕೊಮ್ಮೆ ಒಬ್ಬ ಆರೋಗ್ಯ ಸಹಾಯಕಿ ಮನೆಗೆ ಬಂದು ಒಂದು ಗಂಟೆ ಕೂತು, ಮನೆಯ ಹಳೆ ಡಬ್ಬ, ಬಾಟಲಿ, ಬಟ್ಟೆ ತುಂಡಿನಲ್ಲಿ ಮಾಡಿದ ಆಟಿಕೆಗಳಿಂದ ಮಗುವಿನ ಜೊತೆ ಹೇಗೆ ಆಡಬೇಕು ಅಂತ ಅಮ್ಮನಿಗೆ ತೋರಿಸುವುದು. ಎರಡು ವರ್ಷ ಇದು ನಡೆಯಿತು. ಆಮೇಲೆ ನಿಂತಿತು.

ನಿಂತ ಮೇಲೂ ಸಂಶೋಧಕರು ಆ ಮಕ್ಕಳನ್ನು ಬಿಡಲಿಲ್ಲ. ಬರೀ ಆಹಾರದಿಂದ ಸಿಕ್ಕ ಲಾಭ ಕಾಲ ಕಳೆದಂತೆ ಮಸುಕಾಯಿತು. ಆಟದ ಲಾಭ ಉಳಿಯಿತು. ಹದಿಹರೆಯದಲ್ಲಿ ಅವರಿಗೆ ಆತಂಕ, ಖಿನ್ನತೆ ಕಡಿಮೆ. ದೊಡ್ಡವರಾದ ಮೇಲೆ ಹೊಡೆದಾಟ ಕಡಿಮೆ. 22ನೇ ವಯಸ್ಸಿಗೆ ಅವರ ದುಡಿಮೆ, ಆಟ ಸಿಗದ ಮಕ್ಕಳಿಗಿಂತ ಶೇಕಡಾ 25ರಷ್ಟು ಜಾಸ್ತಿ. ಹಳೆ ಬಾಟಲಿಯ ಗಿಲಕಿಗೆ ಇಷ್ಟು ಶಕ್ತಿಯೇ ಅಂತ ಅನ್ನಿಸುತ್ತದೆ. ಶಕ್ತಿ ಗಿಲಕಿಯದ್ದಲ್ಲ. ಮಗಳು ಗಿಲಕಿ ಅಲ್ಲಾಡಿಸಿದಾಗ ತಿರುಗಿ ನೋಡಲು ಕಲಿತ ಅಮ್ಮನದು.

ಒಡಿಶಾದ ಹಳ್ಳಿಗಳಲ್ಲೂ ಇದನ್ನೇ ನಮ್ಮ ರೀತಿಗೆ ಹೊಂದಿಸಿ ಮಾಡಿದರು. ಮನೆ ಮನೆಗೆ ಹೋಗುವುದು ಒಂದು ಬಗೆ, ಹಲವು ತಾಯಂದಿರನ್ನು ಮಕ್ಕಳ ಸಮೇತ ಒಂದೆಡೆ ಸೇರಿಸಿ ಆಡಿಸುವುದು ಇನ್ನೊಂದು ಬಗೆ. ಎರಡರಿಂದಲೂ ಮಕ್ಕಳ ಬುದ್ಧಿ ಬೆಳವಣಿಗೆ ಚುರುಕಾಯಿತು. ಗುಂಪಿನದ್ದು ಖರ್ಚು ಕಡಿಮೆ. ತಮಿಳುನಾಡಿನಲ್ಲಿ ಅಂಗನವಾಡಿಗೆ ಅರ್ಧ ದಿನದ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಟ್ಟು ನೋಡಿದರು. ಮಕ್ಕಳಿಗೆ ಕಲಿಸುವ ಹೊತ್ತು ಎರಡು ಪಟ್ಟಾಯಿತು, ಕಲಿಕೆ ಸುಧಾರಿಸಿತು, ಎತ್ತರದ ಕೊರತೆಯೂ ಕಡಿಮೆಯಾಯಿತು. ಲಗ್ಗೆರೆಯ ಆ ಟೀಚರ್ ನೆನಪಾಗುವುದು ಇದಕ್ಕೇ. ಅವರಿಗೆ ಉತ್ತರ ಗೊತ್ತಿತ್ತು, ಹೇಳಲು ಹೊತ್ತಿರಲಿಲ್ಲ. ತೂಕ, ರಿಜಿಸ್ಟರ್, ಮೊಬೈಲಿನಲ್ಲಿ ಫೋಟೊ, ಅಡುಗೆ, ಸರ್ವೆ ಎಲ್ಲ ಅವರ ತಲೆ ಮೇಲೆಯೇ.

ಒಂದು ಎಚ್ಚರಿಕೆ ಹೇಳಲೇಬೇಕು. ಮೂರು ವರ್ಷ ದಾಟಿದರೆ ಎಲ್ಲ ಮುಗಿಯಿತು ಅನ್ನುವುದು ಸುಳ್ಳು. ರೊಮೇನಿಯಾದ ಅನಾಥಾಲಯಗಳಲ್ಲಿ ಯಾರೂ ಎತ್ತಿ ಆಡಿಸದೆ ಬೆಳೆದ 136 ಮಕ್ಕಳನ್ನು ಬುಕಾರೆಸ್ಟ್‌ನಲ್ಲಿ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಅವರಲ್ಲಿ ಅರ್ಧದಷ್ಟು ಮಕ್ಕಳಿಗೆ ಸಾಕು ಮನೆಗಳು ಸಿಕ್ಕವು. ಎರಡು ವರ್ಷದೊಳಗೆ ಮನೆ ಸೇರಿದವರು ಹೆಚ್ಚು ಚೇತರಿಸಿಕೊಂಡರು, ಅದು ನಿಜ. ಆದರೆ ತಡವಾಗಿ ಹೋದವರಿಗೂ ಲಾಭವಾಯಿತು. ಮಿದುಳು ಬದಲಾಗುವುದನ್ನು ಪೂರ್ತಿ ನಿಲ್ಲಿಸುವುದಿಲ್ಲ. ಹದಿಹರೆಯದಲ್ಲಿ ಇನ್ನೊಂದು ದೊಡ್ಡ ಅವಕಾಶ ಬರುತ್ತದೆ. ಬೇಗ ಶುರು ಮಾಡಿದರೆ ಸುಲಭ, ತಡವಾದರೆ ಕಷ್ಟ ಜಾಸ್ತಿ, ಅಷ್ಟೇ.

ಇನ್ನು ನಮ್ಮ ಊರಿನ ಕೊರತೆ. ಅಂಗನವಾಡಿಯಲ್ಲಿ ದಿನಾ ಕೂತು ಆಡುವುದು, ಕಲಿಯುವುದು ಮೂರರಿಂದ ಆರು ವರ್ಷದ ಮಕ್ಕಳಿಗೆ. ಮೂರು ವರ್ಷದೊಳಗಿನವರಿಗೆ ಹೆಚ್ಚಾಗಿ ಮನೆಗೆ ಕೊಡುವ ಆಹಾರ, ತೂಕ, ಲಸಿಕೆಯ ನೆನಪು. ಮಿದುಳು ಅತಿ ವೇಗವಾಗಿ ಬೆಳೆಯುವ ವರ್ಷಗಳಲ್ಲೇ ಮಗುವನ್ನು ಹಗಲು ನೋಡಿಕೊಳ್ಳಲು ಬಹಳ ಕಡೆ ಜಾಗವಿಲ್ಲ. ಕಾನೂನು ಇರಲಿಲ್ಲ ಅಂತಲ್ಲ. 30ಕ್ಕಿಂತ ಜಾಸ್ತಿ ಹೆಂಗಸರು ದುಡಿಯುವ ಫ್ಯಾಕ್ಟರಿಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುವಿಹಾರ ಇರಬೇಕು ಅಂತ 1976ರ ತಿದ್ದುಪಡಿಯ ನಂತರ 1948ರ ಕಾರ್ಖಾನೆ ಕಾಯ್ದೆಯೇ ಹೇಳಿತು. 50ಕ್ಕಿಂತ ಜಾಸ್ತಿ ಹೆಂಗಸರಿರುವ ಕಟ್ಟಡದ ಕೆಲಸದ ಜಾಗಕ್ಕೂ 1996ರ ಕಾಯ್ದೆ ಇದನ್ನೇ ಹೇಳಿತು. ಇರುವ ಕಡೆ ಅದು ಹೇಗಿದೆ ಅನ್ನುವುದು ಮುಖ್ಯ. ತೊಟ್ಟಿಲು ಎಷ್ಟಿವೆ ಅಂತ ಎಣಿಸಿದರೆ ಸಾಲದು. ಎಷ್ಟು ಮಕ್ಕಳಿಗೆ ಒಬ್ಬರು ಆಯಾ ಇದ್ದಾರೆ, ಆ ಆಯಾ ಮಕ್ಕಳ ಜೊತೆ ಮಾತಾಡುತ್ತಾರಾ, ಹಾಲೂಡಿಸಲು ತಾಯಿಯನ್ನು ಲೈನಿನಿಂದ ಬಿಡುತ್ತಾರಾ ಅಂತ ಕೇಳಬೇಕು.

ಮನೆಯಲ್ಲಿ ಪುಟ್ಟ ಮಗು ಇರುವವರಿಗೆ ಒಂದೆರಡು ಮಾತು. ಮಗುವಿನ ಜೊತೆ ಮಾತಾಡಲು ಬೇರೆ ಸಮಯ ಬೇಕಾಗಿಲ್ಲ. ಸೊಪ್ಪು ಸೋಸುವಾಗ, ರಾಗಿ ಸರಿ ತಿನ್ನಿಸುವಾಗ, ಬಟ್ಟೆ ಮಡಿಸುವಾಗ ಮಾಡುತ್ತಿರುವುದನ್ನೇ ಹೇಳುತ್ತಾ ಹೋಗಿ. ಮಗು ಸದ್ದು ಮಾಡಿದಾಗ ನಿಲ್ಲಿಸಿ, ಅದಕ್ಕೆ ಉತ್ತರ ಕೊಡಿ. ಅಪ್ಪಂದಿರೂ ಇದನ್ನು ಮಾಡಬಹುದು, ಮಾಡಬೇಕು. ಎರಡು ವರ್ಷದೊಳಗಿನ ಮಗುವಿಗೆ ಮೊಬೈಲ್ ಬೇಡ. ಅದು ಸದ್ದು ಮಾಡುತ್ತದೆ, ಓಗೊಡುವುದಿಲ್ಲ. ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ಸದ್ದಿಗೆ ಸ್ಪಂದಿಸದಿದ್ದರೆ, ಒಂದೂವರೆ ವರ್ಷವಾದರೂ ಒಂದೂ ಮಾತು ಬರದಿದ್ದರೆ "ನಮ್ಮ ವಂಶದಲ್ಲೇ ಮಾತು ತಡ" ಅಂತ ಕಾಯಬೇಡಿ. ಆರೋಗ್ಯ ಕೇಂದ್ರದಲ್ಲಿ ತೋರಿಸಿ.

ಅವತ್ತು ಸಾಲು ಕರಗಿದ ಮೇಲೆ ಟೀಚರ್ ಆ ಹುಡುಗಿಯ ಹತ್ತಿರ ಮತ್ತೆ ಬಂದರು. ರಜೆ ಇನ್ನೆಷ್ಟು ದಿನ ಅಂತ ವಿಚಾರಿಸಿದರು. ಕಾನೂನಿನ ಪ್ರಕಾರ ಒಟ್ಟು 26 ವಾರ, ಅದರಲ್ಲಿ ಅರ್ಧ ಆಗಲೇ ಮುಗಿದಿತ್ತು.

"ಆಮೇಲೆ ಮಗುನ ಯಾರು ನೋಡ್ಕೋತಾರೆ?"

"ಕುಣಿಗಲ್ ಹತ್ರ ನಮ್ಮೂರಲ್ಲಿ ಅತ್ತೆ ಹತ್ರ ಬಿಡಬೇಕು ಟೀಚರ್. ಬೇರೆ ದಾರಿ ಇಲ್ಲ."

"ಅತ್ತೆ ಮಗು ಜೊತೆ ಮಾತಾಡ್ತಾರಾ?"

ಹುಡುಗಿ ಒಂದು ಕ್ಷಣ ಯೋಚಿಸಿದಳು. "ನಮ್ಮತ್ತೆ ಹಸು ಜೊತೇನೂ ಮಾತಾಡ್ತಾರೆ ಟೀಚರ್. ಮಗು ಜೊತೆ ಮಾತಾಡಲ್ವಾ?"